ಇಪ್ಪತ್ತೈದು ಕುಳಿಗಳ ಮುಂದೆ ಅಮ್ಮ

ಟೆಮ್ಸೆ,
೧೭ ಅಕ್ಟೋಬರ್ ೧೯೭೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಫಿರ್ಮಿನ್ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ಕ್ರೇನಿನ ಏಣಿ ಹತ್ತುವಾಗ ಹಿಡಿದುಕೊಳ್ಳುತ್ತದೆ ಅಂತ ಬೇಸಿಗೆಯಲ್ಲಿ ಒಮ್ಮೆ ಬರೆದಿದ್ದೆ, ಆಮೇಲೆ ಆ ಮಾತೇ ಇಲ್ಲ. ನೀನು ಸುಮ್ಮನಾದೆ ಅಂದರೆ ನೋವು ಜಾಸ್ತಿಯಾಗಿದೆ ಅಂತಲೇ ಅರ್ಥ, ನನಗೆ ಗೊತ್ತಿಲ್ಲವಾ? ಹ್ಯಾಂಬರ್ಗಿನ ಬಂದರಿನ ಗಾಳಿ ಮೂಳೆಯೊಳಗೇ ಹೋಗಿ ಕೂರುತ್ತದಂತೆ. ವೀಬ್ಕೆ ಅತ್ತಿಗೆ ಹೆಣೆದುಕೊಟ್ಟ ಉಣ್ಣೆಯ ಪಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊ, ಜೊತೆಯವರು ನಕ್ಕರೆ ನಗಲಿ. ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ನಮ್ಮ ಮನೆಯವರು ದವಡೆಹಲ್ಲು ಕೀಳಿಸಿಕೊಂಡು ಬಂದು, ಪ್ರಪಂಚದಲ್ಲಿ ಹಲ್ಲು ಅನ್ನುವುದು ತಮಗೊಬ್ಬರಿಗೇ ಇದ್ದದ್ದು ಅನ್ನುವ ಹಾಗೆ ನರಳಿದರು. ನಿನ್ನೆಯಿಂದ ಮತ್ತೆ ಬ್ರೆಡ್ಡಿನ ಗಟ್ಟಿ ತುದಿಯನ್ನೇ ಹುಡುಕಿ ತಿನ್ನುತ್ತಿದ್ದಾರೆ. ಅಮ್ಮನೂ ಆರೋಗ್ಯವಾಗಿದ್ದಾಳೆ. ಎಷ್ಟು ಆರೋಗ್ಯವಾಗಿದ್ದಾಳೆ ಅಂತ ನಿನಗೆ ತಿಳಿಸುವುದಕ್ಕೇ ಈ ಪತ್ರ. ಗುರುವಾರದಿಂದ ನನ್ನ ಎದೆ ಡವಗುಟ್ಟುವುದು ನಿಂತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ. ಮತ್ತೆ, ಇದನ್ನು ನಿಂತುಕೊಂಡು ಓದಬೇಡ ಅಣ್ಣಾ, ಕೂತುಕೊ.

ಸೋಮವಾರವೋ ಮಂಗಳವಾರವೋ ಬೇಕರಿಗೆ ಹೋಗಿದ್ದೆ. ಗಾಬಿ ನೆನಪಿದ್ದಾಳಲ್ಲ, ಬೇಕರಿಯವನ ಹೆಂಡತಿ, ಬ್ರೆಡ್ಡಿಗಿಂತ ಸುದ್ದಿಯನ್ನೇ ಹೆಚ್ಚು ಬಿಸಿಬಿಸಿ ಮಾರುವವಳು. ಬ್ರೆಡ್ಡು ಕತ್ತರಿಸುತ್ತಾ, “ಗುರುವಾರ ನಿಮ್ಮಮ್ಮನ್ನ ನೋಡ್ದೆ ಕಣೆ, ಸಿಂಟ್ ನಿಕ್ಲಾಸಲ್ಲಿ” ಅಂದಳು. “ಹೌದು, ಗುರುವಾರ ಅಲ್ಲಿ ಸಂತೆ ಅಲ್ವಾ, ಬಸ್ಸಲ್ಲಿ ಹೋಗಿಬರ್ತಾಳೆ” ಅಂದೆ. “ಸಂತೇಲಲ್ಲ ಲುಟ್‌ಗಾರ್ಡ್. ಸಂತೆ ಹಿಂದಿನ ಬೀದೀಲಿ ಲಾಟೀನು ಕೆಫೆ ಇದೆಯಲ್ಲ, ಅದರೊಳಗೆ. ಗುಂಡು ಉರುಳಿಸೋ ಬಿಂಗೋ ಮಿಷಿನ್ ಮುಂದೆ ನಿಂತಿದ್ರು. ಹೊಡೀತಿದ್ರು ಕಣೆ ಅದನ್ನ, ಅಂಗೈಲಿ, ರಪರಪ ಅಂತ!” ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. “ಮೊದಲು ಹೋಗಿ ಕನ್ನಡಕ ಬದಲಾಯಿಸ್ಕೊ ಗಾಬಿ” ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಗಾಬಿ ಮಾತ್ರ ನಗಲಿಲ್ಲ. ಬೀದಿಗೆ ಬಂದಮೇಲೆ ನನ್ನ ನಗು ಎಲ್ಲಿ ಹೋಯಿತೋ.

ಯಾಕೆ ನಕ್ಕೆ ಅಂತ ನಿನಗೆ ಹೇಳಬೇಕಾಗಿಲ್ಲ. ಬಿಂಗೋ ಅನ್ನುವ ಶಬ್ದವನ್ನು ಅಪ್ಪ ಇದ್ದಾಗ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅಪ್ಪ ಹಡಗುಕಟ್ಟೆಯ ಪಾಳಿ ಮುಗಿಸಿ ಸೇತುವೆ ಹತ್ತಿರ ಆ ಪೀರ್ ನಡೆಸುತ್ತಿದ್ದ ಕೆಫೆಗೆ ಬಿಂಗೋ ಆಡಲು ಹೋದರೆ ಸೂಪು ಮೂರು ಸಲ ಬಿಸಿಯಾಗಬೇಕಿತ್ತು. ಅಮ್ಮ ಕಿಟಕಿಯ ಹತ್ತಿರ ನಿಂತು ಪರದೆಯ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ, ಕೊನೆಗೆ “ಹೋಗು ಫಿರ್ಮಿನ್, ಅಪ್ಪನ್ನ ಕರ್ಕೊಂಡು ಬಾ” ಅನ್ನುತ್ತಿದ್ದಳು. ಕೆಫೆಯ ಹೊಸ್ತಿಲು ತುಳಿದವಳಲ್ಲ ಅವಳು, ಬೀದಿಯ ಆ ಕಡೆಯಿಂದಲೇ ನಡೆಯುವವಳು. ನೀನು ಹೋಗುತ್ತಿದ್ದೆ. ಒಂದು ದಿನ ಅಪ್ಪನ ತೋಳು ಹಿಡಿದು ಎಳೆದೆ, ಕೊನೆಯ ಗುಂಡು ಇನ್ನೂ ಓಡುತ್ತಿತ್ತಂತೆ, ಮಿಷಿನ್ ಅಲ್ಲಾಡಿ ದೀಪವೆಲ್ಲ ಆರಿಹೋಯಿತಂತೆ, ಅಪ್ಪ ಎಲ್ಲರ ಮುಂದೆ ನಿನಗೆ ಹೊಡೆದ. ನೀನು ಎಡಗಿವಿ ಮುಚ್ಚಿಕೊಂಡು ಮನೆಗೆ ಬಂದದ್ದು ನನಗೆ ನೆನಪಿದೆ, ನಾನಾಗ ಮೇಜಿನ ಕೆಳಗೆ ಗೊಂಬೆ ಇಟ್ಟುಕೊಂಡು ಕೂತಿದ್ದೆ. ನೀನು ಅಳಲಿಲ್ಲ. ಅಳದೆ ಇದ್ದದ್ದಕ್ಕೇ ನನಗೆ ಹೆದರಿಕೆಯಾಯಿತು. ಮೀಸೆ ಬರುತ್ತಿದ್ದ ಹಾಗೇ ಹಡಗು ಹತ್ತಿ ಹೋದೆ. ಅಪ್ಪ ತೀರಿಕೊಂಡಾಗಲೂ ಬರಲಿಲ್ಲ. ಆಗ ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಆ ಕಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ ಅಂತ ಅತ್ತಿಗೆ ಒಮ್ಮೆ ಬರೆದಿದ್ದಳು.

ಇಂಥ ಅಮ್ಮ ಬಿಂಗೋ ಆಡುತ್ತಾಳೆ ಅಂದರೆ ಯಾರು ನಂಬುತ್ತಾರೆ ಹೇಳು? ಮನಸ್ಸು ತಡೆಯಲಿಲ್ಲ. ಗುರುವಾರ ಅಮ್ಮ ಕಪ್ಪು ಕೋಟು, ಚರ್ಚಿನ ಹ್ಯಾಟು ಹಾಕಿಕೊಂಡು ಬಸ್ಸು ಹತ್ತಿದಳು. ನಾನು ಅದರ ಹಿಂದಿನ ಬಸ್ಸಿನಲ್ಲಿ ಹೋದೆ. ಸಂತೆಯಲ್ಲಿ ಹುಡುಕಿದೆ. ಮೀನಿನವನ ಹತ್ತಿರ ಇಲ್ಲ, ಗುಂಡಿ ರಿಬ್ಬನ್ನು ಮಾರುವವಳ ಹತ್ತಿರ ಇಲ್ಲ, ಚೀಸಿನ ಗಾಡಿಯ ಮುಂದಿನ ಸಾಲಿನಲ್ಲೂ ಇಲ್ಲ. ಹಿಂದಿನ ಬೀದಿಗೆ ತಿರುಗುವಾಗ ಕಾಲು ಹಿಂದೇಟು ಹಾಕಿತು. ಲಾಟೀನು ಕೆಫೆಯ ಗಾಜಿಗೆ ಮುಖ ಒತ್ತಿ ನೋಡಿದರೆ ಮೊದಲು ಕಂಡದ್ದು ಕೋಸು ಮತ್ತು ಲೀಕ್ ಸೊಪ್ಪು ತುಂಬಿದ ನಮ್ಮ ಮನೆಯ ಚೀಲ. ಆ ಚೀಲದ ಪಕ್ಕದಲ್ಲಿ ಎರಡು ಕಾಲು, ದಪ್ಪ ಕಂದು ಕಾಲುಚೀಲ. ಕಾಲುಗಳ ಮೇಲೆ ನಮ್ಮಮ್ಮ.

ಒಳಗೆ ಹೋದೆ. ಯಾರೂ ತಿರುಗಿ ನೋಡಲಿಲ್ಲ. ಅಮ್ಮನ ಹಿಂದೆ ಇಬ್ಬರು ಮುದುಕರು ಉಸಿರು ಬಿಗಿಹಿಡಿದು ನಿಂತಿದ್ದರು, ಒಬ್ಬನ ಕಂಕುಳಲ್ಲಿ ಒಂದು ಪುಟ್ಟ ನಾಯಿ, ಅದೂ ಮಿಷಿನ್ನನ್ನೇ ನೋಡುತ್ತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕೆಫೆಯ ಒಡತಿ ಓಡಿಲ್, ಬಾಗಿಲಿನಷ್ಟೇ ಅಗಲದ ಹೆಂಗಸು, ಕೌಂಟರಿನ ಆಚೆಯಿಂದ ತುಟಿಯ ಮೇಲೆ ಬೆರಳಿಟ್ಟು, “ಶ್! ಮದಾಂ ಲಿಯೊಂಟೀನ್ ಆಡೋವಾಗ ನಮ್ಮಲ್ಲಿ ಯಾರೂ ಮಾತಾಡಲ್ಲ” ಅಂದಳು. ಮದಾಂ ಲಿಯೊಂಟೀನ್! ಅಮ್ಮನನ್ನು ಅವಳ ಹೆಸರು ಹಿಡಿದು ಯಾರಾದರೂ ಕರೆದದ್ದು ನಾನು ಕೇಳಿದ್ದೇ ಇಲ್ಲ. ಅವಳು ಸೊಂಟವನ್ನು ಮಿಷಿನ್ನಿಗೆ ತಾಗಿಸಿ ನಿಂತಿದ್ದಳು ಅಣ್ಣಾ. “ಬಾ, ಬಾ ನನ್ನ ಬಂಗಾರ... ಎಡಕ್ಕೆ... ಅಲ್ಲಿ ಅಲ್ಲ, ಅಲ್ಲಿ ಏನಿದೆ ನಿಂಗೆ?” ಅಂತ ಗುಂಡಿನ ಜೊತೆ ಮಾತಾಡುತ್ತಿದ್ದಳು. ನಾವು ಜ್ವರದಲ್ಲಿ ಮಲಗಿದಾಗಲೂ ನಮಗೆ ಬಂಗಾರ ಅಂದವಳಲ್ಲ. ಆಮೇಲೆ ಅಂಗೈಯಿಂದ ಪಕ್ಕಕ್ಕೆ ಒಂದು ಕೊಟ್ಟಳು, ಜೋರಾಗಿಯೇ. ಗಾಜಿನ ಮೇಲೆ ಕೆಂಪು ಅಕ್ಷರ ಹತ್ತಿಕೊಂಡು ಉಳಿದ ದೀಪಗಳೆಲ್ಲ ಸತ್ತುಹೋದವು, ಆಟ ಕೆಟ್ಟಿತು. ಅಮ್ಮ ಒಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯಲಾರೆ. ಹಡಗುಕಟ್ಟೆಯಲ್ಲಿ ಕಾಲಿನ ಮೇಲೆ ಕಬ್ಬಿಣ ಬಿದ್ದರೆ ಗಂಡಸರು ಅನ್ನುವ ಮಾತು ಅದು. ನಾಯಿಯ ಮುದುಕ ಮೆಚ್ಚಿ ತಲೆದೂಗಿದ.

ನನ್ನ ಬಾಯಿಂದ “ಅಮ್ಮಾ!” ಅಂತ ಬಂತು. ತಿರುಗಿದಳು. ನೆಲಕ್ಕೆ ಕುಸಿಯುತ್ತಾಳೆ, ಮುಖ ಮುಚ್ಚಿಕೊಳ್ಳುತ್ತಾಳೆ, ಅಳುತ್ತಾಳೆ ಅಂತೆಲ್ಲ ಎಣಿಸಿಕೊಂಡು ನಾನೇ ಗೋಡೆ ಹಿಡಿದುಕೊಂಡಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಂದ್ಯಾ? ಆ ಗಾಬಿ ಬಾಯಿ ಹೊಲಿದರೂ ನಿಲ್ಲಲ್ಲ. ಚೀಲ ಹಿಡ್ಕೊ, ಕಾಲಿಗೆ ಅಡ್ಡ ಆಗ್ತಿದೆ” ಅಂದಳು. ಐದು ಫ್ರಾಂಕಿನ ನಾಣ್ಯ ಹಾಕಿ ಇನ್ನೊಂದು ಆಟ ಶುರುಮಾಡಿಯೇಬಿಟ್ಟಳು! ನಾನು ಲೀಕ್ ಸೊಪ್ಪಿನ ಚೀಲ ಅಪ್ಪಿಕೊಂಡು, ಸ್ವಂತ ತಾಯಿಯ ಬೆನ್ನಿನ ಹಿಂದೆ, ನಾಯಿಯ ಪಕ್ಕದಲ್ಲಿ ನಿಂತೆ.

ಅಣ್ಣಾ, ನೀನು ಆ ಕೆಫೆಗೆ ಅಷ್ಟು ಸಲ ಹೋದರೂ ನೋಡಿದ್ದು ಅಪ್ಪನ ಬೆನ್ನನ್ನು. ಎದುರಿಗೆ ಏನಿತ್ತು ಅಂತ ನೋಡಿರಲಿಕ್ಕಿಲ್ಲ. ಹೇಳುತ್ತೇನೆ ಕೇಳು. ಇಳಿಜಾರಾದ ಒಂದು ಗಾಜಿನ ಮೇಜು, ಅದರೊಳಗೆ ಇಪ್ಪತ್ತೈದು ಕುಳಿ, ಒಂದೊಂದಕ್ಕೂ ಒಂದೊಂದು ಅಂಕಿ. ಮೇಜಿನ ತಲೆಯ ಕಡೆ ನೆಟ್ಟಗೆ ನಿಂತ ಬಣ್ಣದ ಗಾಜು, ಅದರ ಮೇಲೆ ಅದೇ ಅಂಕಿಗಳು ಐದು ಸಾಲಿನ ಚೌಕದಲ್ಲಿ, ಕ್ರಮ ಮಾತ್ರ ಅಡ್ಡಾದಿಡ್ಡಿ. ಉಕ್ಕಿನ ಗುಂಡು ಐದು. ಸರಳು ಎಳೆದು ಬಿಟ್ಟರೆ ಗುಂಡು ಮೇಲೆ ಹೋಗಿ ಬಾಗಿ ಇಳಿಯುತ್ತದೆ, ಮೊಳೆಗೆ ತಾಗಿ, ಸ್ಪ್ರಿಂಗಿಗೆ ತಾಗಿ, ಒಂದು ಕುಳಿಯ ತುಟಿಯ ಮೇಲೆ ನಿಂತು ಯೋಚನೆ ಮಾಡಿ, ಬೇಡ ಅಂತ ಮುಂದಕ್ಕೆ ಹೋಗುತ್ತದೆ. ಎಲ್ಲಿ ಬೀಳುತ್ತದೋ ಆ ಅಂಕಿಯ ದೀಪ ಮೇಲೆ ಹೊತ್ತಿಕೊಳ್ಳುತ್ತದೆ. ಮೂರು ದೀಪ ಒಂದು ಗೆರೆಯಲ್ಲಿ ಬಂದರೆ ಗೆಲುವು, ನಾಲ್ಕಕ್ಕೆ ಇನ್ನೂ ಹೆಚ್ಚು, ಐದು ಬಂದರೆ ಓಡಿಲ್ ಎಲ್ಲರಿಗೂ ಕುಡಿಯಲು ಸುರಿಯುತ್ತಾಳೆ. ಗುಂಡನ್ನು ತಡೆಯಲು ಯಾವ ಕೈಯೂ ಇಲ್ಲ, ಗಂಟೆ ಗಿಂಟೆ ಏನೂ ಇಲ್ಲ, ಒಳಗಿನಿಂದ ಗಡಿಯಾರದ ಅಂಗಡಿಯ ಥರ ಟಿಕಟಿಕ ಸದ್ದು ಅಷ್ಟೇ. ಮಾಡಬಹುದಾದದ್ದು ಎರಡೇ. ಒಂದು, ಮಿಷಿನ್ನನ್ನು ಮೆಲ್ಲಗೆ ನೂಕಿ ಗುಂಡಿನ ದಾರಿ ತಿರುಗಿಸುವುದು. ನೂಕಿದ್ದು ಹೆಚ್ಚಾದರೆ ಆಟ ಸತ್ತಿತು. ಇನ್ನೊಂದು, ಐದನೇ ಗುಂಡು ಹೊಡೆಯುವ ಮುಂಚೆ ಗುಂಡಿ ಒತ್ತಿ ಚೌಕದೊಳಗಿನ ಅಂಕಿಗಳನ್ನೇ ಜಾಗ ಬದಲಾಯಿಸುವುದು. ದೂರದೂರ ಇದ್ದ ದೀಪಗಳು ಸರಿದು ಪಕ್ಕಪಕ್ಕಕ್ಕೆ ಬರುತ್ತವೆ. ಅಮ್ಮ ಒತ್ತಿದಾಗ ನೋಡಿದೆ, ಚೆಲ್ಲಾಪಿಲ್ಲಿಯಾಗಿದ್ದ ನಾಲ್ಕು ದೀಪಗಳಲ್ಲಿ ಮೂರು ಸರಿದು ಒಂದೇ ಗೆರೆಗೆ ಬಂದು ನಿಂತವು. ಚೀಲ ಯಾವಾಗ ಕೆಳಗಿಟ್ಟೆನೋ ಗೊತ್ತಿಲ್ಲ. “ಅಮ್ಮಾ, ಈಗ ಹೊಡೀ!” ಅಂತ ನಾನೇ ಕೂಗಿದೆನಂತೆ. ಓಡಿಲ್ ಆಮೇಲೆ ಹೇಳಿದಳು.

ಆಟ ಮುಗಿದಮೇಲೆ ಅಮ್ಮ ಮೇಜಿಗೆ ಬಂದು ಕೂತಳು. ನನಗೆ ಕಾಫಿ, ತನಗೆ ಕಪ್ಪು ಬಿಯರು. ಬಿಯರು ನೋಡಿ ಬೆಚ್ಚಿಬೀಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. “ಎಷ್ಟು ದಿನದಿಂದ ಇದು?” ಅಂದೆ. “ನಿಮ್ಮಪ್ಪನ್ನ ಮಣ್ಣು ಮಾಡಿದ ವರ್ಷದಿಂದ” ಅಂದಳು, ಹವಾಮಾನ ಹೇಳುವ ಹಾಗೆ. “ಮನೆ ಖಾಲಿಯಾಯ್ತು. ಒಂದಿನ ಅನ್ನಿಸ್ತು, ಅಷ್ಟು ವರ್ಷ ನನಗೆ ಬೆನ್ನು ಹಾಕಿ ನಿಂತಿದ್ನಲ್ಲ, ನೋಡ್ತಿದ್ದದ್ದಾದ್ರೂ ಏನು ಅಂತ ಒಂದ್ಸಲ ನೋಡಬೇಕು ಅಂತ. ಪೀರ್‌ನ ಕೆಫೆಗೆ ಹೋದೆ. ಅವನು ಮಂಡಿನೋವು ಅಂತ ಅಂಗಡಿ ಮುಚ್ತಿದ್ದ, ಮಿಷಿನ್ ಆಗಲೇ ಇಲ್ಲಿಗೆ ಬಂದಿತ್ತು. ಬಸ್ ಹಿಡಿದು ಬಂದೆ.” ಅದೇ ಮಿಷಿನ್ ಅಣ್ಣಾ! ಎದ್ದುಹೋಗಿ ನೋಡಿದೆ. ಎಡಗಡೆ ಮರದ ಅಂಚಿನ ಮೇಲೆ ಸಿಗರೇಟು ಸುಟ್ಟ ಗುರುತುಗಳು, ಒಂದರ ಪಕ್ಕ ಒಂದು, ಅಪ್ಪ ಕೈ ಊರುತ್ತಿದ್ದ ಜಾಗದಲ್ಲಿ. ನಮ್ಮ ಅಡುಗೆಮನೆಯ ಮೇಜಿನ ಮೇಲೂ ಅಂಥವೇ ಇವೆಯಲ್ಲ. ಬೆರಳಿಟ್ಟೆ. ಬಿಸಿ ತಾಗಿದಂತಾಗಿ ಕೈ ತೆಗೆದುಕೊಂಡೆ.

“ಹೆಂಗಸರ ಚಿತ್ರ ಇರತ್ತೆ ಅಂದ್ಕೊಂಡಿದ್ದೆ ಇಷ್ಟು ವರ್ಷ” ಅಂದಳು ಅಮ್ಮ. “ಬಟ್ಟೆಬರೆ ಇಲ್ಲದ ಹೆಂಗಸರು. ಬಂದು ನೋಡಿದ್ರೆ ಬರೀ ಅಂಕಿ! ಎಷ್ಟು ಅವಮಾನ ಆಯ್ತು ಗೊತ್ತಾ ನಂಗೆ? ಹೆಂಗಸಾಗಿದ್ರೆ ಪೈಪೋಟಿಗಾದ್ರೂ ಇಳೀಬಹುದಿತ್ತು.” ನನಗೆ ನಗು ಬಂತು, ಅವಳಿಗೆ ಬರಲಿಲ್ಲ. “ಮೊದಲನೇ ಸಲ ಸಿಟ್ಟಿಗೆ ಆಡಿದೆ. ಎರಡನೇ ಸಲ ಸಿಟ್ಟು ಎಲ್ಲಿ ಹೋಯ್ತೋ. ಆ ಗುಂಡು ಇಳಿಯೋವಾಗ ಬೇರೇನೂ ನೆನಪಿರಲ್ಲ ಕಣೆ ಲುಟ್. ಕಾಲುನೋವಿಲ್ಲ, ವಯಸ್ಸಿಲ್ಲ, ಸತ್ತೋರಿಲ್ಲ, ದೂರ ಹೋದೋರಿಲ್ಲ. ಪಾಪ, ದಿನವಿಡೀ ಆ ಹಡಗಿನ ಹೊಟ್ಟೇಲಿ ಸುತ್ತಿಗೆ ಸದ್ದು ಕೇಳಿದ ಮನುಷ್ಯ, ಇಲ್ಲಿ ಬಂದು ನಿಂತ್ರೆ ಹಾಯಾಗಿರತ್ತೆ ಅಂತ ಅರ್ಥ ಆಯ್ತು. ಕ್ಷಮಿಸೋಣ ಅಂತಲೂ ಇದ್ದೆ.” ಇಲ್ಲಿ ನಾಯಿಯ ಮುದುಕನನ್ನು ಗದ್ದದಿಂದ ತೋರಿಸಿದಳು. ಅವನ ಹೆಸರು ಗೊಮ್ಮಾರ್, ಅಪ್ಪನ ಜೊತೆ ಹಡಗುಕಟ್ಟೆಯಲ್ಲಿದ್ದವನು. “ಅಷ್ಟೊತ್ತಿಗೆ ಇವನು ಹೇಳಿದ, ಹೊಗಳಿಕೆ ಅಂತಲೇ ಹೇಳಿದ ಪಾಪ. ‘ನಿಮ್ಮ ಯಜಮಾನ್ರು ಬಲು ಸಭ್ಯ ಆಟಗಾರ ಮದಾಂ, ಯಾವತ್ತೂ ಗೆಲ್ತಿರಲಿಲ್ಲ, ಆದ್ರೆ ಒಂದು ದಿನಾನೂ ಮಿಷಿನ್ ಅಲ್ಲಾಡಿಸಿದೋರಲ್ಲ, ಮಗು ಮುಟ್ಟಿದ ಹಾಗೆ ಮುಟ್ಟೋರು’ ಅಂತ.”

ಅಮ್ಮ ಗ್ಲಾಸಿನ ಕೆಳಗಿನ ಒದ್ದೆ ಉಂಗುರವನ್ನು ಬೆರಳಿನಿಂದ ಒರೆಸುತ್ತಿದ್ದಳು. “ಮಗು ಮುಟ್ಟಿದ ಹಾಗೆ. ಕೇಳಿಸ್ಕೊಂಡ್ಯಾ? ಮರದ ಪೆಟ್ಟಿಗೆ ಮೇಲೆ ಕೈ ಜೋರು ಮಾಡದ ಮನುಷ್ಯ ನನ್ನ ಮಗನ ಮೇಲೆ ಹೇಗೆ ಕೈಯೆತ್ತಿದ ಲುಟ್? ಮೆತ್ತಗೆ ಮುಟ್ಟೋಕೆ ಬರ್ತಿತ್ತು ಅವನಿಗೆ. ಬರ್ತಿತ್ತು! ಬರಲ್ಲ ಅಂದ್ಕೊಂಡು ನಾನು ಇಡೀ ಜೀವನ ಸಮಾಧಾನ ಮಾಡ್ಕೊಂಡೆ.” ಅವಳ ದನಿ ಏರಿತ್ತು. ಓಡಿಲ್ ಒರೆಸುತ್ತಿದ್ದ ಗ್ಲಾಸನ್ನು ಹಾಗೇ ಹಿಡಿದು ನಿಂತಳು. “ಅವತ್ತಿಂದ ನಾನು ಹೊಡೀತಿದ್ದೀನಿ ಅದನ್ನ. ಮಗನ ಬದಲು ಅವನು ಇದಕ್ಕೆ ಹೊಡೀಬೇಕಾಗಿದ್ದದ್ದನ್ನೆಲ್ಲ ಹೊಡೀತಿದ್ದೀನಿ. ತಮಾಷೆ ನೋಡು, ಹೊಡೆದ್ರೆ ಗೆಲ್ತೀನಿ.” ಆಮೇಲೆ ನಿನ್ನ ಹೆಸರು ಹೇಳಿದಳು. ಅಪ್ಪ ಸತ್ತಮೇಲೆ ನಿನ್ನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. “ಅವತ್ತು ನಾನೇ ಹೋಗಬೇಕಿತ್ತು. ಹೊಸ್ತಿಲು ದಾಟೋಕೆ ನನಗೆ ನಾಚಿಕೆ, ಹನ್ನೆರಡು ತುಂಬದ ಫಿರ್ಮಿನ್‌ನ ಕಳಿಸಿದೆ. ನೋಡು, ದಾಟಿದ್ರೆ ಎಷ್ಟು ಸುಲಭ. ಇಷ್ಟೇ ಎತ್ತರ.” ಎರಡು ಬೆರಳು ಅಗಲಿಸಿ ಹೊಸ್ತಿಲಿನ ಎತ್ತರ ತೋರಿಸಿದಳು. ನಾನು ಅತ್ತೆ ಅಣ್ಣಾ. ಸುಳ್ಳು ಯಾಕೆ ಹೇಳಲಿ, ಸಿಂಟ್ ನಿಕ್ಲಾಸಿನ ಕೆಫೆಯಲ್ಲಿ ಕೂತು ಮೂಗು ಸೋರಿಸಿಕೊಂಡು ಅತ್ತೆ. ಗೊಮ್ಮಾರ್ ತನ್ನ ಕರವಸ್ತ್ರ ಕೊಟ್ಟ. ಅದರ ತುಂಬ ನಾಯಿಯ ಕೂದಲು.

ಅತ್ತು ಮುಗಿದಮೇಲೆ ಅಮ್ಮ ನನ್ನನ್ನು ಎಬ್ಬಿಸಿ ಮಿಷಿನ್ ಮುಂದೆ ನಿಲ್ಲಿಸಿದಳು. “ಕೈಯಿಂದಲ್ಲ, ಸೊಂಟದಿಂದ ನೂಕು. ಆತುರ ಬೇಡ. ಅಂಕಿ ಈಗಲೇ ತಿರುಗಿಸಬೇಡ, ಕಾಯಿ.” ನಾಣ್ಯ ಹಾಕಿದಾಗ ಹಿಂದಿನ ಆಟದ ಗುಂಡುಗಳೆಲ್ಲ ಒಟ್ಟಿಗೆ ಕೆಳಕ್ಕೆ ಬಿದ್ದು ಗಡಗಡ ಉರುಳಿದವು, ನಾನು ಏನೋ ಮುರಿದೆ ಅಂತ ಎರಡು ಹೆಜ್ಜೆ ಹಿಂದೆ ಹಾರಿದೆ. ಎಲ್ಲರೂ ನಕ್ಕರು. ಮೊದಲ ಗುಂಡು ಎಲ್ಲೋ ಹೋಯಿತು, ಎರಡನೆಯದೂ ಹಾಗೇ. ಮೂರನೆಯದು ಒಂದು ಕುಳಿಯ ಅಂಚಿನಲ್ಲಿ ತೂಗಾಡುವಾಗ, ನನಗೇ ತಿಳಿಯದೆ ಸೊಂಟ ಒಂದಿಷ್ಟು ಸರಿಯಿತು, ಗುಂಡು ಮಾತು ಕೇಳಿದ ಹಾಗೆ ಒಳಗೆ ಬಿತ್ತು. ಆ ಕ್ಷಣ ಹೇಗಿತ್ತು ಅಂತ ನಿನಗೆ ಹೇಗೆ ಬರೆಯಲಿ? ಅಂಗೈಯಿಂದ ಹಿಮ್ಮಡಿಯವರೆಗೆ ಜುಮ್ ಅಂದಿತು. ಕೊನೆಗೆ ಮೂರು ದೀಪ ಒಂದು ಗೆರೆಗೆ ಬಂದವು. ಅಮ್ಮ ನನ್ನ ಬೆನ್ನು ತಟ್ಟಿದ ರಭಸಕ್ಕೆ ಕೆಮ್ಮು ಬಂತು. ನನಗಾದ ಎಲ್ಲಕ್ಕಿಂತ ದೊಡ್ಡ ಗಾಬರಿ ಬೇರೆಯೇ. ನಾನು ದ್ವೇಷ ಮಾಡಿಕೊಂಡೇ ಬೆಳೆದ ವಸ್ತು ಅಷ್ಟು ಚೆನ್ನಾಗಿದೆ ಅನ್ನುವುದು. ಚೆನ್ನಾಗಿದ್ದರೂ ಅಪ್ಪನ ಮೇಲಿನ ನನ್ನ ಸಿಟ್ಟು ಕಡಿಮೆಯಾಗಲಿಲ್ಲ, ಅದಕ್ಕೊಂದು ಮುಖ ಬಂತು ಅಷ್ಟೆ. ಸಂಜೆ ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು, ಹ್ಯಾಟು ಓರೆಯಾಗಿತ್ತು. ನಮ್ಮ ಮನೆಯವರಿಗೆ ಹೇಳಿದೆ. ಹಲ್ಲು ಕಿತ್ತ ದವಡೆ ಹಿಡಿದುಕೊಂಡು, “ಅತ್ತೆಯವರಾ? ನಮ್ಮ ಅತ್ತೆಯವರಾ?” ಅಂತ ಕೇಳಿದರು, ಇನ್ನೂ ಅದನ್ನೇ ಕೇಳುತ್ತಿದ್ದಾರೆ.

ಈ ಸುದ್ದಿಯಿಂದ ನಿನಗೆ ಸಿಟ್ಟು ಬರುತ್ತದೋ ನಗು ಬರುತ್ತದೋ ನನಗೆ ತಿಳಿಯದು. ಬಂದದ್ದನ್ನು ಹಾಗೇ ಬರೆದು ತಿಳಿಸು, ಒಳ್ಳೆಯ ಮಾತು ಹುಡುಕಬೇಡ. ಅತ್ತಿಗೆಗೆ ನನ್ನ ಅಕ್ಕರೆ ಹೇಳು, ಅವಳು ಕಳಿಸಿದ ಜೀರಿಗೆ ಬ್ರೆಡ್ಡು ಇಲ್ಲಿ ಒಂದೇ ದಿನಕ್ಕೆ ಮುಗಿಯಿತು. ನಿನ್ನ ಬೆನ್ನಿಗೆ ನೆಮ್ಮದಿಯಾಗಲಿ, ಬಂದರಿನ ಗಾಳಿ ಈ ಚಳಿಗಾಲ ನಿನ್ನ ಮೇಲೆ ಕನಿಕರ ಇಡಲಿ, ಏಣಿ ಹತ್ತುವಾಗ ದೇವರು ನಿನ್ನ ಕಾಲಿನ ಕಡೆ ಒಂದು ಕಣ್ಣಿಟ್ಟಿರಲಿ.

ನಿನ್ನ ತಂಗಿ,
ಲುಟ್‌ಗಾರ್ಡ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದಳು, ಕೈಯಲ್ಲಿ ನಮ್ಮ ಹಳೇ ಸೂಟ್‌ಕೇಸು. ಅದರ ಬೀಗ ಕೆಟ್ಟಿದೆಯಂತೆ, ನಮ್ಮ ಮನೆಯವರು ರಿಪೇರಿ ಮಾಡಿಕೊಡಬೇಕಂತೆ. ಎಲ್ಲಿಗೆ ಹೊರಟೆ ಅಂದರೆ ಹ್ಯಾಂಬರ್ಗಿಗೆ! ಟಿಕೇಟು ಆಗಲೇ ತೆಗೆದಾಗಿದೆ. ಬರುವ ಬುಧವಾರವಲ್ಲ, ಅದರ ಮುಂದಿನ ಬುಧವಾರ, ಇಪ್ಪತ್ತೇಳನೇ ತಾರೀಖು, ಕಲೋನ್ ಕಡೆಯಿಂದ ಬರುವ ಸಂಜೆಯ ಗಾಡಿ. ಬ್ರಸೆಲ್ಸ್‌ನಿಂದ ಆಚೆ ಹೋದವಳಲ್ಲ, ಜರ್ಮನ್ ಒಂದಕ್ಷರ ಬರುವುದಿಲ್ಲ, ಅತ್ತಿಗೆಯ ಮುಖವನ್ನು ಫೋಟೋದಲ್ಲಿ ಬಿಟ್ಟರೆ ನೋಡಿದವಳಲ್ಲ. “ಅವನಿಗೆ ಹೇಳಬೇಡ, ಗೊತ್ತಾದ್ರೆ ಅವತ್ತೇ ಎರಡು ಪಾಳಿ ಹಾಕಿಸ್ಕೋತಾನೆ” ಅಂತ ನನ್ನಿಂದ ಆಣೆ ಮಾಡಿಸಿಕೊಂಡಳು. ಆಣೆ ಮುರಿದು ಬರೆಯುತ್ತಿದ್ದೇನೆ, ಪಕ್ಕದ ಕೋಣೆಯಲ್ಲೇ ಇದ್ದಾಳೆ. “ಅಲ್ಲಿ ಹೋಗಿ ಅವನ ಹತ್ತಿರ ಏನು ಮಾತಾಡ್ತೀಯಮ್ಮಾ?” ಅಂತ ಕೇಳಿದೆ. “ಅದು ಅವನು ಬಾಗಿಲು ತೆಗೆದಮೇಲೆ ತಾನೆ?” ಅಂದಳು. ಬಾಗಿಲ ತನಕ ಅವಳನ್ನು ಒಬ್ಬಳೇ ಬರಲು ಬಿಡಬೇಡ ಅಣ್ಣಾ. ಪ್ಲಾಟ್‌ಫಾರ್ಮಿಗೇ ಹೋಗು.